ಸೀಟಿ ನಿಂತ ಶನಿವಾರ

ಉಗುರಿಗೆ ಸಿಗಲಿಲ್ಲ. ಸಣ್ಣಿ ಚಿಮಟ ತೆಗೆದುಕೊಂಡಳು, ಮೇಜಿನ ದೀಪವನ್ನು ಇನ್ನಷ್ಟು ಹತ್ತಿರ ಎಳೆದಳು, ಕಿವಿ ಮೆಷಿನ್ನಿನ ಕಡಲೆಕಾಳಿನಷ್ಟಿದ್ದ ಸೆಲ್ಲಿನ ಬೆನ್ನಿಗೆ ಅಂಟಿದ್ದ ಕಿತ್ತಳೆ ಬಣ್ಣದ ಚೀಟಿಯ ತುದಿ ಹಿಡಿದು ಸರಕ್ಕನೆ ಕಿತ್ತಳು. ಚೀಟಿ ಚಿಮಟದ ಬಾಯಲ್ಲಿ ನಡುಗುತ್ತ ನಿಂತಿತು. ಅದನ್ನು ನೋಡಿ ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಆಶ್ಚರ್ಯಪಟ್ಟವರ ಹಾಗೆ ಹುಬ್ಬೇರಿಸಿದಳು, ಅಷ್ಟೇ.

"ಏನಾಯ್ತು? ಸತ್ತೇ ಹೋಯ್ತಾ?" ಎದುರಿಗೆ ಕೂತಿದ್ದ ಫಾದರ್ ಕೂಗಿದರು. ಕಿವಿ ಕೇಳದವರಿಗೆ ಜಗತ್ತೇ ಕಿವುಡು. ಪಕ್ಕದಂಗಡಿಯ ಬೀಗದವನು ಅರ ತಿಕ್ಕುವುದನ್ನು ನಿಲ್ಲಿಸಿ ಇಣುಕಿದ, ಸಾವಿನ ಸುದ್ದಿಯಲ್ಲ ಎಂದು ಖಾತ್ರಿಯಾದ ಮೇಲೆ ತನ್ನ ಕೀಲಿಗೆ ಮರಳಿದ.

ಸಣ್ಣಿ ಗಿರಾಕಿಗಳಿಗೆಂದೇ ಇಟ್ಟಿದ್ದ ಹಲಗೆ ತೆಗೆದು ಬರೆದಳು: ಮೆಷಿನ್ ಚೆನ್ನಾಗಿದೆ. ಚೀಟಿ ಕೀಳದೆ ಸೆಲ್ ಹಾಕಿದ್ದೀರಿ. ಈ ಸೆಲ್ಲಿಗೆ ಗಾಳಿ ಬೇಕು.

ಫಾದರ್ ಕನ್ನಡಕವನ್ನು ಹಣೆಗೇರಿಸಿ, ಮತ್ತೆ ಮೂಗಿಗಿಳಿಸಿ, ಎರಡು ಸಲ ಓದಿದರು. "ಅಂದ್ರೆ ನನ್ನ ಕಿವಿ ಹೋಗಿಲ್ವಾ?"

ಅವಳು ಅದನ್ನು ಒರೆಸಿ ಬರೆದಳು: ಇಲ್ಲ. ಒಂದು ನಿಮಿಷ ಇರಿ. ಅದು ಉಸಿರಾಡಲಿ.

ಸೆಲ್ಲನ್ನು ಬಟ್ಟೆಯ ಮೇಲೆ ಅಂಗಾತ ಮಲಗಿಸಿದಳು. ಚೀಟಿ ಕಿತ್ತ ಕೂಡಲೇ ಹಾಕುವ ಹಾಗಿಲ್ಲ. ಬೆನ್ನಿನ ತೂತುಗಳಿಂದ ಗಾಳಿ ಒಳಗೆ ಹೋಗಿ ಅದು ಎಚ್ಚರಗೊಳ್ಳಬೇಕು. ಹದಿನೇಳು ವರ್ಷದಿಂದ ಆ ಒಂದು ನಿಮಿಷವನ್ನು ಅವಳು ಗಿರಾಕಿಗಳ ಜೊತೆ ಹವಾಮಾನ ಮಾತಾಡಿ ಕಳೆಯುತ್ತಿದ್ದಳು. ಇವತ್ತು ಹವಾಮಾನ ನೆನಪಿಗೆ ಬರಲಿಲ್ಲ.

ಫಾದರ್ ತಾವೇ ಮಾತಾಡಿದರು. ತಮ್ಮ ಮಾತು ತಮಗೇ ಕೇಳದ ಮನುಷ್ಯ ತಡೆಯಿಲ್ಲದೆ ಮಾತಾಡುತ್ತಾನೆ. "ಆರು ವಾರ, ಮಗಳೇ. ಅಡುಗೆಯವನಿದ್ದಾಗ ಅವನೇ ಸೆಲ್ ಹಾಕ್ತಿದ್ದ. ಅವನು ಮಗಳ ಮನೆಗೆ ಹೋದ, ನಾನೇ ಹಾಕ್ಕೊಂಡೆ. ಒಂದು ಶಬ್ದ ಇಲ್ಲ. ಸರಿ, ಮುಗೀತು, ಕಿವಿ ಪೂರ್ತಿ ಹೋಯ್ತು ಅಂದ್ಕೊಂಡೆ. ಯಾರಿಗೂ ಹೇಳ್ಲಿಲ್ಲ. ಹೇಳಿದ್ರೆ ಬಿಷಪ್ಪರು ನನ್ನನ್ನ ಮುದಿ ಗುರುಗಳ ಮನೆಗೆ ಕಳಿಸ್ತಾರೆ. ಅಲ್ಲಿ ಎಲ್ಲರೂ ಹಗಲೆಲ್ಲ ಇಸ್ಪೀಟ್ ಆಡ್ತಾರೆ, ಅದ್ರಲ್ಲೂ ಮೋಸ ಮಾಡ್ತಾರೆ. ಪೂಜೆ ನಂಗೆ ಬಾಯಿಪಾಠ. ಜನ ಉತ್ತರ ಹೇಳೋಕೆ ಎಷ್ಟು ಹೊತ್ತು ಬಿಡಬೇಕು ಅನ್ನೋದು ನಲವತ್ತು ವರ್ಷದ ಅಂದಾಜು. ಆದ್ರೆ ಶನಿವಾರ..."

ಅವರು ಅಂಗೈಯಿಂದ ಮುಖ ಒರೆಸಿಕೊಂಡರು.

"ಶನಿವಾರ ಪಾಪನಿವೇದನೆಗೆ ಸಾಲು ಬೆಳೀತಾ ಹೋಯ್ತು. ನನ್ನ ಕಾಲದಲ್ಲೇ ಕಂಡಿರದ ಸಾಲು. ಜನರ ತುಟಿ ಆಡೋದು ನೋಡ್ತಿದ್ದೆ, ತಲೆ ಆಡಿಸ್ತಿದ್ದೆ, ಎಲ್ಲರಿಗೂ ಪ್ರಾಯಶ್ಚಿತ್ತ ಮೂರು ನಮೋ ಮರಿಯ ಜಪ."

ಆ ಸಾಲಿನ ಬಗ್ಗೆ ಸಣ್ಣಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವಳು ಅದರಲ್ಲಿ ಏಳನೆಯವಳಾಗಿ ನಿಂತಿದ್ದಳು.

ಫಾದರನ್ನು ಊರಿನ ಮಕ್ಕಳು ಸೀಟಿ ಫಾದರ್ ಎಂದು ಕರೆಯುತ್ತಿದ್ದರು. ದೊಡ್ಡವರೂ ಕರೆಯುತ್ತಿದ್ದರು, ಮಕ್ಕಳನ್ನು ಗದರಿಸಿದ ಮೇಲೆ. ಕಿವಿಯ ಮೆಷಿನ್ನಿನ ಮೇಲೆ ಏನಾದರೂ ಮುಚ್ಚಿಕೊಂಡರೆ ಅದು ಕುಂಯ್ ಎಂದು ಸೀಟಿ ಹಾಕುತ್ತದೆ. ತನ್ನ ಶಬ್ದ ತನಗೇ ಮರಳಿ ಕೇಳಿ ಗಾಬರಿಯಾದ ಹಾಗೆ. ಪಾಪನಿವೇದನೆಯ ಗೂಡಿನಲ್ಲಿ ಫಾದರಿಗೆ ಅಂಗೈಯನ್ನು ಬೋಗುಣಿಯ ಹಾಗೆ ಕಿವಿಗೆ ಹಿಡಿದು ಜಾಲರಿಗೆ ಒರಗುವ ಅಭ್ಯಾಸ. ಹೀಗಾಗಿ ಒಳಗೆ ಯಾರು ಏನು ಹೇಳಿದರೂ ಹೊರಗಿನ ಸಾಲಿಗೆ ಕುಂಯ್ ಎಂಬ ಸೀಟಿ ಮಾತ್ರ ಕೇಳುತ್ತಿತ್ತು. ಸೀಟಿ ಉದ್ದವಾದಷ್ಟೂ ಪಾಪ ದೊಡ್ಡದು ಎಂದು ಹುಡುಗರು ಲೆಕ್ಕ ಹಾಕುತ್ತಿದ್ದರು.

ಆರು ವಾರದ ಹಿಂದಿನ ಶನಿವಾರ ಸೀಟಿ ಕೇಳಲಿಲ್ಲ. ಮೊದಲು ಗಮನಿಸಿದವನು ಬಸ್ಸಿನ ಡ್ರೈವರ್. "ಇವತ್ತು ಸಿಗ್ನಲ್ ಇಲ್ಲ, ನುಗ್ಗ್ರಪ್ಪ ನುಗ್ಗ್ರಿ," ಎಂದು ಪಿಸುಗುಟ್ಟಿ, ಹನ್ನೆರಡು ವರ್ಷದಿಂದ ಗೂಡಿನ ಹತ್ತಿರ ಸುಳಿಯದಿದ್ದವನು ಸಾಲಿನಲ್ಲಿ ನಿಂತ. ಒಳಗೆ ಹೋಗಿ ಬಂದ ದರ್ಜಿಯ ಹೆಂಡತಿ, "ಎಲ್ರಿಗೂ ಮೂರೇ ನಮೋ ಮರಿಯ ಕಣ್ರೀ. ರೇಟು ಇಳಿದಿದೆ, ಬೇಕಾದೋರು ಈಗ್ಲೇ ತಗೊಳ್ಳಿ," ಎಂದು ಸೆರಗು ಸರಿಪಡಿಸಿಕೊಂಡಳು. ಜನ ನಕ್ಕರು. ಸ್ವಾಮಿಗೆ ವಯಸ್ಸಾಯ್ತು, ಮೆತ್ತಗಾಗಿದ್ದಾರೆ ಎಂದುಕೊಂಡರು. ಮೆಷಿನ್ ಸತ್ತಿದೆ ಎಂದು ಖಂಡಿತವಾಗಿ ಗೊತ್ತಿದ್ದದ್ದು ಒಬ್ಬಳಿಗೆ. ರಿಪೇರಿಯಾದ ಪ್ರತಿ ಮೆಷಿನ್ನನ್ನೂ ಅಂಗೈಯಲ್ಲಿ ಮುಚ್ಚಿ, ಸೀಟಿ ಬಂದರೆ ಜೀವ ಇದೆ, ಬರದಿದ್ದರೆ ಇಲ್ಲ ಎಂದು ತೀರ್ಮಾನ ಹೇಳುವವಳು ಅವಳು. ಅದೇ ಅವಳ ಅನ್ನ. ಮೂರು ಹೆಜ್ಜೆ ಮುಂದೆ ಹೋಗಿ, ಫಾದರ್, ನಿಮ್ಮ ಸೆಲ್ ನೋಡ್ತೀನಿ ಕೊಡಿ, ಎನ್ನಬಹುದಿತ್ತು. ಅವಳು ಸಾಲಿನಲ್ಲಿಯೇ ನಿಂತಳು. ಡ್ರೈವರ್ ನುಗ್ಗಿದ ಮೇಲೆ ತಾನೂ ನುಗ್ಗಿದಳು.

ಒಳಗೆ ಎಲ್ಲವನ್ನೂ ಹೇಳಿದಳು. ಒಂದಕ್ಷರ ಬಿಡದೆ, ಪೂರ್ತಿ ದನಿಯಲ್ಲಿ. ಅದು ಅವಳಿಗೆ ಮುಖ್ಯವಾಗಿತ್ತು. ಸುಳ್ಳು ಹೇಳಲಿಲ್ಲ, ಮುಚ್ಚಿಡಲಿಲ್ಲ ಎಂದು ಆಮೇಲೆ ತನಗೆ ತಾನೇ ಹೇಳಿಕೊಳ್ಳಬಹುದಲ್ಲ. ಜಾಲರಿಯಾಚೆ ತಲೆ ಆಡಿತು. ಕಿವಿ ಕೇಳದವರು ಮೊದಲು ಕಲಿಯುವ ವಿದ್ಯೆ ತಲೆ ಆಡಿಸುವುದು. ಅದನ್ನು ಅವಳು ದಿನಕ್ಕೆ ಹತ್ತು ಸಲ ಕಾಣುತ್ತಾಳೆ. ಮೂರು ನಮೋ ಮರಿಯ, ಕ್ಷಮೆ, ಹೊರಗೆ ಬೆಳಕು. ಮರುದಿನ ಪೂಜೆಯಲ್ಲಿ ಫಾದರ್ ನಾಲಿಗೆಯ ಮೇಲೆ ಪರಮಪ್ರಸಾದದ ಬಿಲ್ಲೆ ಇಟ್ಟಾಗ ಅದು ಅಂಗುಳಕ್ಕೆ ಅಂಟಿಕೊಂಡು ಮಧ್ಯಾಹ್ನದವರೆಗೂ ಅಲ್ಲೇ ಇದ್ದಂತೆ ಅನಿಸಿತು. ಅದಾದ ಮೇಲೆ ಇನ್ನೂ ಐದು ಭಾನುವಾರ ಹಾಗೆಯೇ.

ಅವಳು ಹೇಳಿದ್ದು ಇದು.

ನಾಲ್ಕು ತಿಂಗಳ ಹಿಂದೆ, ಒಂದು ಮಧ್ಯಾಹ್ನ, ಅಮ್ಮ ಮಂಚದ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದಳು. ಸೊಂಟ ಮುರಿದು ಅದು ಕೂಡಿಕೊಳ್ಳುತ್ತಿದ್ದ ಕಾಲ. ಅಮ್ಮನ ಕಿವಿಯ ಮೆಷಿನ್ ಸಣ್ಣಿಯ ಕೈಯಲ್ಲಿತ್ತು, ಕೊಳವೆಯ ಮೇಣ ತೆಗೆಯುತ್ತಿದ್ದಳು. ಆಗ ಬಾಗಿಲು ಬಡಿದದ್ದು. ಎರಡು ಬಡಿತ, ಬಿಟ್ಟು ಒಂದು. ಹನ್ನೊಂದು ವರ್ಷವಾಗಿದ್ದರೂ ಆ ಬಡಿತ ಯಾರದೆಂದು ಬೆರಳುಗಳಿಗೆ ಮೊದಲು ತಿಳಿಯಿತು. ಬಾಗಿಲ ಕಣ್ಣಿಂದ ನೋಡಿದಳು. ಅಕ್ಕ. ಕೂದಲು ಅರ್ಧ ಬೆಳ್ಳಗಾಗಿತ್ತು, ಕೈಯಲ್ಲಿ ಹಣ್ಣಿನ ಚೀಲ.

ಹನ್ನೊಂದು ವರ್ಷದ ಹಿಂದೆ ಅಕ್ಕ, ಮೊದಲ ಹೆಂಡತಿಯನ್ನು ಬಿಟ್ಟಿದ್ದವನ ಜೊತೆ ರಿಜಿಸ್ಟ್ರಾರ್ ಕಚೇರಿಯಲ್ಲಿ, ಚರ್ಚು ಒಪ್ಪದ ಮದುವೆಗೆ, ಸಹಿ ಹಾಕಿ ಬಂದಾಗ, ಅಮ್ಮ ಹೇಳಿದ್ದಳು, "ಪರಮಪ್ರಸಾದಕ್ಕೆ ಹೋಗೋಕಾಗದೋಳು ಈ ಮನೇಲಿ ಊಟಕ್ಕೂ ಕೂರಬೇಡ." ಹೇಳಿ ವಾರವಾಗುವ ಮುಂಚೆ ಆ ಮಾತನ್ನು ನುಂಗಲು ಒದ್ದಾಡಿದಳು. ಆದರೆ ಆಡಿದ ಮಾತು, ಒಡೆದ ಮುತ್ತು. ಅಕ್ಕ ಹೋದಳು. ಮನೆ, ಮಾತ್ರೆ, ಆಸ್ಪತ್ರೆ, ಅಮ್ಮನ ಬೆನ್ನಿಗೆ ಎಣ್ಣೆ, ಎಲ್ಲವೂ ಸಣ್ಣಿಯ ಪಾಲಿಗೆ ಬಂತು. ನಲವತ್ತೊಂದು ವಯಸ್ಸಿಗೂ ಅವಳು ಸಣ್ಣಿಯೇ. ಬಂದ ಎರಡು ಗಂಡುಗಳು ಅಮ್ಮನನ್ನು ನೋಡಿ ಹಿಂದಕ್ಕೆ ಹೋದವು. ಇಷ್ಟಾಗಿಯೂ ಅಮ್ಮ ನಿದ್ದೆಗಣ್ಣಿನಲ್ಲಿ ಕರೆಯುತ್ತಿದ್ದದ್ದು ದೊಡ್ಡವಳನ್ನು.

ಬಾಗಿಲಾಚೆ ಅಕ್ಕ, "ಅಮ್ಮಾ," ಎಂದಳು. ನಾಲ್ಕು ಸಲ. ಸಣ್ಣಿ ಮುಷ್ಟಿ ಬಿಗಿದಳು. ಮುಷ್ಟಿಯೊಳಗೆ ಮೆಷಿನ್ ಕುಂಯ್ ಎಂದು ಅರಚಿಕೊಂಡಿತು. ಎಲ್ಲಿ ಅಕ್ಕನಿಗೆ ಕೇಳುತ್ತದೋ ಎಂದು ಅವಳು ಹೆಬ್ಬೆರಳಿನಿಂದ ಸೆಲ್ಲಿನ ಮುಚ್ಚಳ ತೆರೆದು ಅದರ ಬಾಯಿ ಮುಚ್ಚಿಸಿದಳು.

ಅಮ್ಮ ತಲೆಯೆತ್ತಿ ಕೇಳಿದಳು, "ಯಾರಾದ್ರೂ ಬಂದ್ರಾ?"

ಸಣ್ಣಿ ಅಮ್ಮನ ಮುಖಕ್ಕೇ ತಿರುಗಿ, ತುಟಿ ಚೆನ್ನಾಗಿ ಆಡಿಸಿ, ಹೇಳಿದಳು, "ಯಾರೂ ಇಲ್ಲಮ್ಮ. ಗಾಳಿ."

ಬಾಗಿಲಡಿಯಿಂದ ಒಂದು ಚೀಟಿ ಒಳಗೆ ಸರಿಯಿತು. ಅದು ಈಗ ಅಂಗಡಿಯ ಡ್ರಾಯರಿನಲ್ಲಿ, ಕಿತ್ತಳೆ ಚೀಟಿಯ ಸೆಲ್ಲುಗಳ ಪೆಟ್ಟಿಗೆಯ ಕೆಳಗೆ ಇತ್ತು.

ಚಿಕ್ಕಂದಿನಲ್ಲಿ ಉಪದೇಶ ಹೇಳಿಕೊಡುತ್ತಿದ್ದ ಸಿಸ್ಟರ್ ಮೂರು ಬೆರಳು ಎತ್ತುತ್ತಿದ್ದರು. ವಿಷಯ ದೊಡ್ಡದಾ? ತಪ್ಪು ಅಂತ ಗೊತ್ತಿತ್ತಾ? ಮನಸಾರೆ ಮಾಡಿದ್ಯಾ? ಮೂರಕ್ಕೂ ಹೌದು ಅಂದ್ರೆ ಅದು ಮಾರಕ ಪಾಪ, ಪಾಪನಿವೇದನೆ ಮಾಡದೆ ಪರಮಪ್ರಸಾದಕ್ಕೆ ಬಾಯಿ ತೆರೀಬೇಡ. ಒಂದಕ್ಕಾದ್ರೂ ಇಲ್ಲ ಅಂದ್ರೆ ಸಣ್ಣ ಪಾಪ, ದೇವರ ಹತ್ರ ನೇರ ಮಾತಾಡ್ಕೋ. ಸಣ್ಣಿ ನಾಲ್ಕು ತಿಂಗಳಿಂದ ಆ ಮೂರು ಬೆರಳುಗಳಲ್ಲಿ ಒಂದನ್ನಾದರೂ ಮಡಿಸಲು ಹೆಣಗಿದ್ದಳು. ಗಾಬರಿಯಲ್ಲಿ ಮಾಡಿದೆ ಅನ್ನೋಣವೆಂದರೆ ಹೆಬ್ಬೆರಳು ಮುಚ್ಚಳ ತೆರೆದಿತ್ತು. ಹೆಬ್ಬೆರಳಿಗೆ ಗಾಬರಿಯಾಗಿರಲಿಲ್ಲ.

ನಿಮಿಷ ಮುಗಿಯಿತು. ಸೆಲ್ ಕೂರಿಸಿ ಮೆಷಿನ್ನನ್ನು ಅಂಗೈಯಲ್ಲಿ ಮುಚ್ಚಿದಳು. ಕುಂಯ್. ಫಾದರ ಕಿವಿಗೆ ಸಿಕ್ಕಿಸಿದಳು. ಅವರ ಮುಖ ಹಿಂಡಿಕೊಂಡಿತು, ಆಮೇಲೆ ಅರಳಿತು.

"ಅದೇನದು ಕರಕರ?"

"ಬೀಗದವನು ಫಾದರ್. ಕೀಲಿ ಅರೀತಿದ್ದಾನೆ."

"ಎಷ್ಟು ಚೆನ್ನಾಗಿದೆ!" ಎಂದರು, ಕರಕರ ಎನ್ನುವುದು ಕೀರ್ತನೆಯೋ ಎನ್ನುವ ಹಾಗೆ. ರಸ್ತೆಯ ಸದ್ದಿಗೂ ಕಿವಿ ತಿರುಗಿಸಿದರು. ಮತ್ತೆ ಅವರ ಭುಜ ಕುಸಿಯಿತು. "ಆರು ವಾರ. ಒಂದು ಚೀಟಿಗೋಸ್ಕರ."

"ಆ ಜನರ ಗತಿ ಏನು ಫಾದರ್?" ಸಣ್ಣಿ ಕೇಳಿದಳು. ಚಿಮಟಗಳನ್ನು ಉದ್ದದ ಪ್ರಕಾರ ಜೋಡಿಸತೊಡಗಿದಳು. "ನೀವು ಕೇಳಿಸಿಕೊಳ್ಳದೆ ಕ್ಷಮೆ ಕೊಟ್ಟಿದ್ದೀರಲ್ಲ. ಅದು ನಡೆಯುತ್ತಾ?"

"ಗೊತ್ತಿಲ್ಲದೆ, ನಂಬಿ ಬಂದು ಹೇಳಿದವರಿಗೆ ಯಾವ ದೋಷವೂ ಇಲ್ಲ. ದೇವರು ಕಿವುಡನಲ್ಲ. ತಪ್ಪು ನನ್ನದು, ಕೇಳಿಸದೆ ಕೇಳಿಸಿದವರ ಹಾಗೆ ಕೂತೆ. ನಾಳೆ ಬೆಳಿಗ್ಗೆ ಪೂಜೆಗೆ ಮುಂಚೆ ಪಕ್ಕದ ಊರಿನ ಗುರುಗಳ ಹತ್ರ ಹೋಗಿ ಅದನ್ನ ಹೇಳ್ಕೊಳ್ತೀನಿ. ಆದ್ರೆ ನಂಗೆ ಕೇಳಿಸಲ್ಲ ಅಂತ ಗೊತ್ತಿದ್ದೂ ಬಂದು ಹೇಳಿದವರಿದ್ರೆ..."

"ಇದ್ರೆ?"

"ಅವರು ಹೇಳಿಲ್ಲ. ಗೋಡೆಗೆ ಹೇಳಿದ ಹಾಗೆ. ದೊಡ್ಡ ಪಾಪವಾಗಿದ್ರೆ ಮತ್ತೆ ಬಂದು ಹೇಳ್ಬೇಕು. ಅಲ್ಲೀತನಕ ಪರಮಪ್ರಸಾದಕ್ಕೆ ಬರಬಾರದು." ಅವರು ನಕ್ಕರು. "ಆದ್ರೆ ಅದು ಯಾರಿಗೆ ಗೊತ್ತಿರುತ್ತೆ ಬಿಡು? ಈ ಮೆಷಿನ್ ಬಲ್ಲವರಿಗೆ ಮಾತ್ರ..."

ನಗು ಅಲ್ಲಿಯೇ ನಿಂತಿತು. ಅವರು ಅವಳನ್ನು ನೋಡಲಿಲ್ಲ. ಅಂಗಡಿಯ ಮೂಲೆಯಲ್ಲಿದ್ದ, ಕಿವಿ ಪರೀಕ್ಷೆಯ ಗಾಜಿನ ಕಿಟಕಿಯ ಡಬ್ಬಿಕೋಣೆಯನ್ನು ನೋಡಿದರು. ಅದರೊಳಗೆ ಕೂತು ಜನ, ಕೂಂ ಎನ್ನುವ ಶಬ್ದ ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ಅರ್ಧ ಜನ ಕೇಳದಿದ್ದರೂ ಒತ್ತುತ್ತಾರೆ.

"ಅದರೊಳಗೆ ಮಾತಾಡಿದ್ರೆ ಹೊರಗೆ ಕೇಳಿಸುತ್ತಾ?"

"ಇಲ್ಲ ಫಾದರ್."

"ನಮ್ಮ ಗೂಡಿಗಿಂತ ವಾಸಿ. ಐದು ನಿಮಿಷ ಕೂತ್ಕೊಳ್ಳೋಣ್ವಾ?"

ಚಿಮಟಗಳೆಲ್ಲ ಜೋಡಿಸಿಯಾಗಿತ್ತು. "ಗಿರಾಕಿಗಳು ಬರೋ ಹೊತ್ತು," ಎಂದಳು ಸಣ್ಣಿ.

ಫಾದರ್ ತಲೆ ಆಡಿಸಿದರು. ಈ ಸಲ ಕೇಳಿಸಿಕೊಂಡು. "ನಾಳೆ ಅಮ್ಮನ ಭಾನುವಾರ. ಹತ್ತೂವರೆಗೆ ಬರ್ತೀನಿ." ಅವರು ಹೋದ ಮೇಲೆ ಸಂಜೆಯವರೆಗೆ ಒಬ್ಬ ಗಿರಾಕಿಯೂ ಬರಲಿಲ್ಲ. ಬಾಗಿಲು ಹಾಕುವ ಮುಂಚೆ ಅವಳು ಡ್ರಾಯರಿನ ಪೆಟ್ಟಿಗೆ ಎತ್ತಿ ಚೀಟಿಯನ್ನು ಪರ್ಸಿಗೆ ಹಾಕಿಕೊಂಡಳು. ಏಕೆಂದು ಕೇಳಿದ್ದರೆ ಅವಳಿಗೇ ಹೇಳಲಾಗುತ್ತಿರಲಿಲ್ಲ.

ಅಮ್ಮ ದೇವಾಲಯದ ಮೆಟ್ಟಿಲು ಹತ್ತಲಾರಳು. ಹಾಗಾಗಿ ತಿಂಗಳ ಮೊದಲ ಭಾನುವಾರ ಪರಮಪ್ರಸಾದವೇ ಮನೆಗೆ ಬರುತ್ತಿತ್ತು. ಆ ದಿನಕ್ಕೆ ಅಮ್ಮನದೇ ಕಟ್ಟುನಿಟ್ಟು. ಇಸ್ತ್ರಿ ಮಾಡಿದ ಬಿಳಿ ಬಟ್ಟೆ, ಎರಡು ಮೇಣದಬತ್ತಿ, ಮೊದಲು ಸಣ್ಣಿ ತೆಗೆದುಕೊಳ್ಳಬೇಕು, ಆಮೇಲೆ ತಾನು. "ನೀನು ತಗೊಂಡಿದ್ದು ನೋಡಿದ್ರೆ ನಂಗೆ ಅರ್ಧ ಹೊಟ್ಟೆ ತುಂಬುತ್ತೆ," ಎನ್ನುತ್ತಿದ್ದಳು.

ಭಾನುವಾರ ಬೆಳಿಗ್ಗೆ ಪೂಜೆಗೆ ಸಣ್ಣಿ ಹೋಗಲಿಲ್ಲ, ತಲೆನೋವು ಎಂದಳು. ಹತ್ತೂ ಕಾಲಿಗೆ ಅಡುಗೆಮನೆಗೆ ಹೋಗಿ ಬ್ರೆಡ್ಡಿನ ಒಂದು ತುಂಡನ್ನು ಬಾಯಿಗೆ ತುರುಕಿಕೊಂಡಳು. ಪರಮಪ್ರಸಾದಕ್ಕೆ ಮುಂಚೆ ಒಂದು ಗಂಟೆ ಏನೂ ತಿನ್ನಬಾರದು. ತಿಂದರೆ, ಅಯ್ಯೋ ಮರೆತು ತಿಂದೆ ಫಾದರ್ ಎಂದು ಯಾರ ಮುಂದೆ ಬೇಕಾದರೂ ಹೇಳಬಹುದು, ಯಾರೂ ಪಾಪದ ವಾಸನೆ ಹಿಡಿಯುವುದಿಲ್ಲ. ಆದರೆ ಮಂಚದಿಂದ ಅಡುಗೆಮನೆಯ ಬಾಗಿಲು ನೇರ ಕಾಣುತ್ತದೆ. ಅಮ್ಮನ ಕಿವಿಗಿರದ ಬಲವೆಲ್ಲ ಕಣ್ಣಿಗೆ ಬಂದಿತ್ತು.

"ಏಯ್! ಸ್ವಾಮಿ ಬರೋ ಹೊತ್ನಲ್ಲಿ ಏನೇ ಅದು ದವಡೆ ಆಡಿಸ್ತಿರೋದು? ಉಗಿ! ಉಗಿಯೇ ಮೊದ್ಲು!"

"ಮರೆತ್ನಮ್ಮ..."

"ನಲವತ್ತು ದಾಟಿದ ಕತ್ತೆಗೆ ಮರೆವಾ? ನುಂಗಿದ್ಯಾ?"

"ಇಲ್ಲ."

"ಬಾಯಿ ತೋರ್ಸು."

ಸಣ್ಣಿ ತೊಟ್ಟಿಗೆ ಉಗಿದು, ಬಂದು, ಅಮ್ಮನೆದುರು ಬಾಯಿ ತೆರೆದು ನಿಂತಳು. ಅಮ್ಮ ಒಳಗೆ ಇಣುಕಿ, "ಹೂಂ, ಬಾಯಿ ಮುಕ್ಕಳಿಸು," ಎಂದಳು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಫಾದರ ಹೆಜ್ಜೆ.

ಮೊದಲು ಅಮ್ಮನ ಪಾಪನಿವೇದನೆ. ಸಣ್ಣಿ ಹೊರಗೆ ಬಂದು ಬಾಗಿಲು ಎಳೆದುಕೊಂಡಳು, ಅಭ್ಯಾಸದ ಹಾಗೆ ನಲ್ಲಿ ತಿರುಗಿಸಿ ನೀರು ಬಿಟ್ಟಳು. ಅಮ್ಮನಿಗೆ ಪಿಸುಮಾತು ಬಾರದು. ಅವಳ ಪಾಪಗಳು ಪ್ರತಿ ತಿಂಗಳೂ ಬಾಗಿಲು, ನೀರು ಎಲ್ಲವನ್ನೂ ದಾಟಿ ಬರುತ್ತಿದ್ದವು. ಇವತ್ತು ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿತ್ತು.

"...ದೊಡ್ಡವಳ ಮೇಲಿನ ಸಿಟ್ಟು ಹೋಗಿಲ್ಲ ಸ್ವಾಮಿ. ಸೊಂಟ ಮುರ್ಕೊಂಡು ಬಿದ್ದಿದ್ರೂ ಬಂದು ಮುಖ ತೋರಿಸ್ಲಿಲ್ಲ. ಹೆತ್ತ ಹೊಟ್ಟೆ ಶಪಿಸುತ್ತೆ. ಶಪಿಸಬಾರದು ಅಂತೀನಿ, ಶಪಿಸುತ್ತೆ. ನಂದೇ ತಪ್ಪು. ಬರಬೇಡ ಅಂದೋಳು ನಾನೇ ಅಲ್ವಾ? ಆದ್ರೂ ಒಂದ್ಸಲ ಬಾಗಿಲು ಬಡೀಬಹುದಿತ್ತು. ತೆಗೀತಿದ್ದೆ ಸ್ವಾಮಿ. ತೆವಳ್ಕೊಂಡು ಹೋಗಾದ್ರೂ ತೆಗೀತಿದ್ದೆ..."

ಸಣ್ಣಿ ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ಅದಕ್ಕಿಂತ ಜಾಸ್ತಿ ನೀರು ಬರಲಿಲ್ಲ. ನಾಲ್ಕು ತಿಂಗಳು, ನಾಲ್ಕು ಸಲ, ಅಮ್ಮ ತಾನು ಮಾಡದ ಪಾಪಕ್ಕೆ ಕ್ಷಮೆ ಕೇಳಿದ್ದಳು. ಪಾಪದ ಬೀಜ ಬಿತ್ತಿದವಳು ಇಲ್ಲಿ ನಲ್ಲಿಯ ಹತ್ತಿರ ನಿಂತಿದ್ದಾಳೆ, ಕಳೆ ಕೀಳುತ್ತಿರುವವಳು ಒಳಗೆ.

"ಬಾ ಮಗಳೇ," ಫಾದರ್ ಕರೆದರು.

ಬಿಳಿ ಬಟ್ಟೆಯ ಮೇಲೆ ಪ್ರಸಾದದ ಪುಟ್ಟ ಡಬ್ಬಿ, ಎರಡು ಬತ್ತಿ. ಅಮ್ಮನ ಮುಖ ತೊಳೆದ ತಟ್ಟೆಯ ಹಾಗೆ ಹಗುರವಾಗಿತ್ತು. ಪ್ರಾರ್ಥನೆ ಮುಗಿಯಿತು. ಫಾದರ್ ಡಬ್ಬಿ ತೆರೆದು, ಬೆಳ್ಳನೆಯ ತೆಳು ಬಿಲ್ಲೆಯೊಂದನ್ನು ಎತ್ತಿ ಹಿಡಿದು, ಸಣ್ಣಿಯ ಕಡೆಗೆ ತಿರುಗಿದರು. ಅವರ ಕೈ ಎಂದಿನ ಹಾಗೆ ಚಾಚಿಕೊಳ್ಳಲಿಲ್ಲ. ಅರ್ಧ ದಾರಿಯಲ್ಲಿ ನಿಂತಿತು. ಅದು ಪ್ರಶ್ನೆಯಾಗಿತ್ತು. ಅಮ್ಮನಿಗೆ ಅದು ಅರ್ಥವಾಗದ ಹಾಗೆ, ಸಣ್ಣಿಗೆ ಮಾತ್ರ ಆಗುವ ಹಾಗೆ.

ಆಮೆನ್ ಎಂದು ಬಾಯಿ ತೆರೆದರೆ ಮುಗಿಯಿತು. ಇನ್ನೊಂದು ತಿಂಗಳು ಸಿಗುತ್ತದೆ.

"ನಾನು ಪಾಪನಿವೇದನೆ ಮಾಡಿಲ್ಲ ಫಾದರ್."

ಅಮ್ಮ ತಲೆಯೆತ್ತಿದಳು. "ಏನಂದ್ಳು? ಮಾಡಿದ್ಯಲ್ಲೇ! ಆವತ್ತು ಸಾಲು ಬಸ್‌ಸ್ಟಾಪಿನ ತನಕ ಇತ್ತು ಅಂತ ನೀನೇ ಬಂದು ಹೇಳ್ದೆ."

"ಮಾಡ್ದೆ. ಕೇಳಿಸ್ಲಿಲ್ಲ."

"ಯಾರಿಗೆ?"

"ಫಾದರ್‌ಗೆ. ಅವರ ಮೆಷಿನ್ ಸತ್ತಿತ್ತು. ಅದು ಗೊತ್ತಿದ್ದೇ ಹೋದೆ."

ಫಾದರ್ ಬಿಲ್ಲೆಯನ್ನು ಮೆಲ್ಲಗೆ ಡಬ್ಬಿಗಿಟ್ಟರು. "ಅಡುಗೆಮನೆಗೆ ಹೋಗೋಣ ಬಾ ಮಗಳೇ. ನನಗೊಬ್ಬನಿಗೇ ಹೇಳು, ಸಾಕು."

"ನಿಮಗೊಬ್ಬರಿಗೇ ಒಂದ್ಸಲ ಹೇಳಿದ್ದೆ ಫಾದರ್."

ಅವಳು ಮಂಚದ ಪಕ್ಕ ಮೊಣಕಾಲೂರಿದಳು. ಅಮ್ಮನ ಕಿವಿಯ ಹಿಂದಿನ ಮೆಷಿನ್ನಿಗೆ ಬೆರಳು ಹಾಕಿ ಶಬ್ದ ಒಂದು ಮೆಟ್ಟಿಲು ಏರಿಸಿದಳು. ಅಂಗೈ ಹತ್ತಿರ ಹೋದದ್ದಕ್ಕೆ ಅದು ಕುಂಯ್ ಎಂದಿತು. ಜೀವ ಇತ್ತು.

"ಅಮ್ಮ, ಅಕ್ಕ ಬಂದಿದ್ಳು."

"ಯಾವಾಗ್ಲೇ?" ಅಮ್ಮನ ಕಣ್ಣು ಬಾಗಿಲ ಕಡೆಗೆ ಹೋಯಿತು, ಈಗಲೇ ಅಲ್ಲಿ ನಿಂತಿದ್ದಾಳೆ ಎನ್ನುವ ಹಾಗೆ.

"ನೀನು ಬಟಾಣಿ ಸುಲೀತಿದ್ದಾಗ. ಯಾರಾದ್ರೂ ಬಂದ್ರಾ ಅಂತ ಕೇಳ್ದೆ. ಗಾಳಿ ಅಂದೆ. ಗಾಳಿ ಅಲ್ಲ. ಅಮ್ಮಾ ಅಂತ ನಾಲ್ಕು ಸಲ ಕೂಗಿದ್ಳು. ನಿನ್ನ ಮೆಷಿನ್ ನನ್ನ ಕೈಲಿತ್ತು. ನಾನು ಅದನ್ನ ಆರಿಸ್ದೆ."

ಹೇಳಿಯಾಯಿತು. ಆರು ವಾರದ ಹಿಂದೆ ಇದೇ ಮಾತು ಎಷ್ಟು ಉದ್ದವಿತ್ತು, ಎಷ್ಟು ಕಾರಣ, ಎಷ್ಟು ಅಳು ಸುತ್ತಿಕೊಂಡಿತ್ತು! ಕೇಳಿಸುವ ಕಿವಿಯ ಮುಂದೆ ಅದು ನಾಲ್ಕೇ ಸಾಲಾಗಿ ನಿಂತಿತು. ಪರ್ಸಿನಿಂದ ಚೀಟಿ ತೆಗೆದು ಅಮ್ಮನ ಅಂಗೈಯಲ್ಲಿಟ್ಟಳು.

ಅಮ್ಮ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು, ಗಟ್ಟಿಯಾಗಿ ಓದಿದಳು. "ಸೊಂಟ ಮುರಿದಿದೆ ಅಂತ ಕೇಳಿದೆ. ಒಂದ್ಸಲ ನೋಡಿ ಹೋಗ್ತೀನಿ, ಊಟಕ್ಕೆ ಕೂರಲ್ಲ." ಕೆಳಗೆ ನಂಬರು. ನಂಬರನ್ನೂ ಒಂದೊಂದೇ ಅಂಕಿಯಾಗಿ ಓದಿದಳು. ಮತ್ತೆ ಮೇಲಿನ ಸಾಲಿಗೆ ಹೋಗಿ, "ಊಟಕ್ಕೆ ಕೂರಲ್ಲ," ಎಂದಳು, ಈ ಸಲ ಪಿಸುಮಾತಿನಲ್ಲಿ. ಅಮ್ಮನಿಗೆ ಪಿಸುಮಾತು ಬರುತ್ತದೆ ಎಂದು ಸಣ್ಣಿಗೆ ಗೊತ್ತಿರಲಿಲ್ಲ.

ಫಾದರ್ ಸಣ್ಣಿಯ ತಲೆಯ ಮೇಲೆ ಕೈಯಿಟ್ಟು ಬಗ್ಗಿ ಕೇಳಿದರು, "ಇದಕ್ಕೆ ನಿನಗೆ ದುಃಖ ಇದೆಯಾ?"

"ಇದೆ."

"ಅಕ್ಕನಿಗೆ ಇವತ್ತೇ ಫೋನ್ ಮಾಡಿ ನಿನ್ನ ಬಾಯಿಂದಲೇ ಹೇಳ್ಬೇಕು. ಅದೇ ನಿನ್ನ ಪ್ರಾಯಶ್ಚಿತ್ತ. ನಮೋ ಮರಿಯ ಗಿಮೋ ಮರಿಯ ಏನೂ ಬೇಡ." ಕ್ಷಮೆಯ ಮಾತುಗಳನ್ನು ಅವರು ನಿಧಾನವಾಗಿ, ಒಂದೊಂದೂ ಹೊಸದಾಗಿ ಕಲಿತವರ ಹಾಗೆ ಹೇಳಿದರು. ಡಬ್ಬಿಯಿಂದ ಬಿಲ್ಲೆಯನ್ನು ಮತ್ತೆ ಎತ್ತಿದರು. ಸಣ್ಣಿ ಬಾಯಿ ತೆರೆದಳು. ಅಂಗುಳಕ್ಕೆ ಅಂಟಲಿಲ್ಲ. ಕರಗಿತು. ಅಷ್ಟು ಸುಲಭವಾಗಿ ಕರಗಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು, ಕಣ್ಣೆತ್ತಿ ಅಮ್ಮನನ್ನು ನೋಡಲಾಗಲಿಲ್ಲ. ಅಮ್ಮ ಮಾತ್ರ ಅವಳ ಗಂಟಲನ್ನೇ ನೋಡುತ್ತಿದ್ದಳು, ಬೆಳಿಗ್ಗೆ ಬ್ರೆಡ್ ನುಂಗಿದಳೋ ಇಲ್ಲವೋ ಎಂದು ನೋಡಿದ ಹಾಗೆಯೇ.

ಫಾದರ್ ಎರಡನೆಯ ಬಿಲ್ಲೆ ತೆಗೆದುಕೊಂಡು ಅಮ್ಮನ ಕಡೆ ಬಗ್ಗಿದರು. "ಕ್ರಿಸ್ತರ ಶರೀರ."

ಅಮ್ಮ ಬಾಯಿ ತೆರೆಯಲಿಲ್ಲ.

"ಅಮ್ಮ, ಕ್ರಿಸ್ತರ ಶರೀರ," ಫಾದರ್ ಸ್ವಲ್ಪ ಜೋರಾಗಿ ಹೇಳಿದರು.

"ಕೇಳಿಸ್ತು ಸ್ವಾಮಿ. ಎಲ್ಲ ಚೆನ್ನಾಗಿ ಕೇಳಿಸ್ತಿದೆ." ಅಮ್ಮ ಚೀಟಿಯನ್ನು ಮಡಿಸಿ ದಿಂಬಿನಡಿ ಇಟ್ಟಳು. "ಈಗ ಹತ್ತು ನಿಮಿಷದ ಹಿಂದೆ ನಾನು ಹೇಳಿದ್ದು ಸುಳ್ಳಾಯ್ತು. ದೊಡ್ಡವಳ ಮೇಲಿದ್ದ ಸಿಟ್ಟಿಗೆ ಕ್ಷಮೆ ಕೊಟ್ರಿ. ಆ ಸಿಟ್ಟು ಮನೆ ಬದಲಾಯಿಸಿದೆ."

"ಸರಿ, ಅದನ್ನೇ ಹೇಳಿ. ಸಣ್ಣವಳ ಮೇಲೆ ಸಿಟ್ಟಿದೆ ಅನ್ನಿ. ಒಂದು ಮಾತು ಸಾಕು, ಈಗ್ಲೇ ಕ್ಷಮೆ ಕೊಡ್ತೀನಿ, ಈಗ್ಲೇ ತಗೊಳ್ಳಿ."

"ಸಿಟ್ಟಿದೆ. ಆದ್ರೆ ಅದಕ್ಕೆ ನಂಗೆ ದುಃಖ ಇಲ್ಲ."

"ಅಮ್ಮ..." ಸಣ್ಣಿ ಕೈ ಚಾಚಿದಳು.

ಅಮ್ಮ ಆ ಕೈಯನ್ನು ಹಿಡಿಯಲೂ ಇಲ್ಲ, ತಳ್ಳಲೂ ಇಲ್ಲ. "ಇಲ್ಲದ್ದನ್ನ ಇದೆ ಅಂತ ಹೇಳಿ ಬಾಯಿ ತೆರೆಯೋಳಲ್ಲ ನಾನು. ಹಾಗೆ ತೆರೆಯೋರನ್ನ ಇದೇ ಮಂಚದಿಂದ ನೋಡಿದ್ದೀನಂತೆ, ಗೊತ್ತಾಗಿಲ್ಲ, ಅಷ್ಟೇ."

ಫಾದರ ಕೈ ಬಿಲ್ಲೆಯನ್ನು ಹಿಡಿದು ಗಾಳಿಯಲ್ಲೇ ನಿಂತಿತ್ತು. "ಹಾಗಾದ್ರೆ ನಾಳೆ ತರ್ಲಾ ಅಮ್ಮ? ನಾಳಿದ್ದು? ಮನಸ್ಸು ತಿಳಿಯಾದ ಮೇಲೆ?"

"ಬೇಡ ಸ್ವಾಮಿ."

"ಮುಂದಿನ ತಿಂಗಳು ಮೊದಲ ಭಾನುವಾರ ಹೇಗೂ ಬರ್ತೀನಲ್ಲ..."

"ಬೇಡ ಅಂದ್ನಲ್ಲ," ಎಂದು ಅಮ್ಮ ಬಗ್ಗಿ, ಒಂದೊಂದಾಗಿ ಎರಡೂ ಬತ್ತಿ ಊದಿ ಆರಿಸಿದಳು.